ಹುಳಿಯಿಂದಲೇ ಬೆಲೆ ಕಂಡ ಬಳ್ಳಿ: ಜರ್ಮನಿಯ ರೀಸ್ಲಿಂಗ್ ದ್ರಾಕ್ಷಿ, ಅದರ ವೈನು ಮತ್ತು ಅದಕ್ಕೆ ಹೊಂದುವ ಊಟ

ದ್ರಾಕ್ಷಿಯ ತೋಟವುಳ್ಳ ನಮ್ಮ ರೈತ ಬಾಂಧವರಿಗೆ ಹುಳಿಯ ಮಾತು ಎತ್ತಿದರೆ ಸೇರುವದಿಲ್ಲ. ವ್ಯಾಪಾರಿಯು ತೋಟಕ್ಕೆ ಬಂದು ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದನೆಂದರೆ ದರ ಇಳಿಯಿತೆಂದೇ ತಿಳಿಯಬೇಕು. ಸೊಲ್ಲಾಪುರ, ಜತ್ತ ಸೀಮೆಯಲ್ಲಿ ತಿನ್ನುವ ಹಣ್ಣಿಗೂ ಸರಿ, ಮಣೂಕಕ್ಕೂ ಸರಿ, ಸಿಹಿಯೇ ಬೆಲೆ. ಆದರೆ ಹುಳಿಯನ್ನು ಕಳೆದುಕೊಳ್ಳದೆ ಹಣ್ಣಾಗುವದೇ ಗುಣವೆಂದು ಎಣಿಸಲ್ಪಟ್ಟ ದ್ರಾಕ್ಷಿಯ ಜಾತಿಯೊಂದು ಜಗತ್ತಿನಲ್ಲಿ ಉಂಟು. ಅದು ಜರ್ಮನಿಯ ರೀಸ್ಲಿಂಗ್. ಅದರ ರಸದಿಂದ ಬಿಳಿ ವೈನನ್ನು ಮಾಡುತ್ತಾರೆ.

ಈ ಪಾಠವು ಕುಡಿತದ ಹೊಗಳಿಕೆಯಲ್ಲ. ಕುಡಿಯದವನೂ ಇದನ್ನು ಓದಿ ತಿಳಿಯತಕ್ಕದ್ದುಂಟು. ಒಂದು ಬೆಳೆಗೆ ಹೆಸರು ಹೇಗೆ ಬರುತ್ತದೆ, ಆ ಹೆಸರು ಯಾವ ತಪ್ಪಿನಿಂದ ಕೆಡುತ್ತದೆ, ಊಟದ ತಾಟಿಗೂ ತೋಟದ ಕೆಲಸಕ್ಕೂ ಏನು ಸಂಬಂಧ ಎಂಬುದನ್ನು ರೀಸ್ಲಿಂಗಿನ ಕಥೆಯು ಚೆನ್ನಾಗಿ ತೋರಿಸಿಕೊಡುತ್ತದೆ.

ಬಳ್ಳಿಯೂ ಅದರ ನಾಡೂ

ರೀಸ್ಲಿಂಗಿನ ಹೆಸರು ಮೊದಲು ಕಾಣಸಿಗುವದು ೧೪೩೫ನೆಯ ಇಸವಿಯ ಒಂದು ಲೆಕ್ಕಪತ್ರದಲ್ಲಿ. ರೈನ್ ನದಿಯ ಸೀಮೆಯ ರ್ಯುಸೆಲ್ಸ್‌ಹೈಮ್ ಎಂಬ ಊರಿನ ಕೋಟೆಯವರು ಈ ಬಳ್ಳಿಗಳನ್ನು ಕೊಂಡ ಖರ್ಚನ್ನು ಅದರಲ್ಲಿ ಬರೆದಿಟ್ಟಿದ್ದಾರೆ. ೧೭೨೦ರಲ್ಲಿ ರೈನ್ ದಂಡೆಯ ಯೋಹಾನಿಸ್‌ಬೆರ್ಗ್ ಮಠದ ತೋಟದಲ್ಲಿ ಇದೊಂದೇ ಜಾತಿಯನ್ನು ದೊಡ್ಡ ಪ್ರಮಾಣದಲ್ಲಿ ನೆಟ್ಟರು. ೧೭೮೭ರಲ್ಲಿ ಟ್ರಿಯರ್ ಸಂಸ್ಥಾನದ ಅರಸನು ಮೊಸೆಲ್ ನದಿಯ ಕಣಿವೆಯಲ್ಲಿ ಹೀನ ಜಾತಿಯ ಬಳ್ಳಿಗಳನ್ನು ಕಿತ್ತು ಒಳ್ಳೆಯ ಜಾತಿಯನ್ನು ನೆಡಬೇಕೆಂದು ಅಪ್ಪಣೆ ಮಾಡಿದನು. ಅಂದಿನಿಂದ ಆ ಕಣಿವೆಯಲ್ಲಿ ರೀಸ್ಲಿಂಗಿನ ಬೇರು ಬಲವಾಯಿತು. ಇಂದು ಇಡೀ ಜರ್ಮನಿಯಲ್ಲಿ ಸುಮಾರು ಒಂದು ಲಕ್ಷ ಹೆಕ್ಟೇರು ದ್ರಾಕ್ಷಿಯಿದ್ದು, ಅದರಲ್ಲಿ ಕಾಲುಭಾಗಕ್ಕೆ ಹತ್ತಿರದಷ್ಟು ರೀಸ್ಲಿಂಗೇ ಇದೆ.

ಮೊಸೆಲ್ ನದಿಯು ಫ್ರಾನ್ಸಿನ ಬೆಟ್ಟಗಳಲ್ಲಿ ಹುಟ್ಟಿ, ಹಾವಿನಂತೆ ತಿರುವುತ್ತ ಹರಿದು, ಕೊಬ್ಲೆನ್ಸ್ ಎಂಬಲ್ಲಿ ರೈನ್ ನದಿಯನ್ನು ಕೂಡುತ್ತದೆ. ಆ ನಾಡು ಭೂಮಧ್ಯರೇಖೆಯಿಂದ ಉತ್ತರಕ್ಕೆ ೫೦ ಅಂಶದಷ್ಟು ದೂರ. ನಮ್ಮ ಸೊಲ್ಲಾಪುರವಾದರೋ ೧೮ ಅಂಶದೊಳಗೆ. ಅಷ್ಟು ಚಳಿಯ ನಾಡಿನಲ್ಲಿ ಬಯಲು ಹೊಲದಲ್ಲಿ ಈ ಜಾತಿಯು ಚೆನ್ನಾಗಿ ಹಣ್ಣಾಗುವದು ಕಷ್ಟ. ಆದುದರಿಂದ ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರುಗಳನ್ನೇ ಹಿಂದಿನವರು ಆರಿಸಿಕೊಂಡರು. ಇಳಿಜಾರಿನ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ. ಕೆಳಗಿನ ನದಿಯ ನೀರು ಬೆಳಕನ್ನು ಮೇಲಕ್ಕೆ ಎರಚುತ್ತದೆ. ನೆಲವೆಲ್ಲ ಪಾಟಿಯ ಕಲ್ಲಿನ ಚೂರು. ಅಂದರೆ ಹಿಂದೆ ನಮ್ಮ ಮಕ್ಕಳು ಬರೆಯುತ್ತಿದ್ದ ಪಾಟಿಯಂಥ ಕರಿಯ ಪದರುಗಲ್ಲು. ಹಗಲು ಕುಡಿದ ಕಾವನ್ನು ಅದು ರಾತ್ರಿ ಬಳ್ಳಿಗೆ ಮರಳಿ ಕೊಡುತ್ತದೆ.

ಬ್ರೆಮ್ ಎಂಬ ಊರಿನ ಕಾಲ್ಮೊಂಟ್ ಗುಡ್ಡದ ತೋಟವು ಯುರೋಪಿನಲ್ಲಿಯೇ ಅತಿ ಕಡಿದಾದ ತೋಟಗಳಲ್ಲಿ ಒಂದು. ಅಂಥಲ್ಲಿ ಎತ್ತೂ ನಡೆಯದು, ಟ್ರ್ಯಾಕ್ಟರೂ ಏರದು. ಒಂದೊಂದು ಬಳ್ಳಿಗೆ ಒಂದೊಂದು ಗೂಟ. ಎರಡು ಕಡ್ಡಿಗಳನ್ನು ಬಗ್ಗಿಸಿ ಹೃದಯದ ಆಕಾರದಲ್ಲಿ ಆ ಗೂಟಕ್ಕೆ ಕಟ್ಟುತ್ತಾರೆ. ಕೆಲವು ಕಡೆಗೆ ಒಂಟಿ ಹಳಿಯ ಮೇಲೆ ಓಡುವ ಸಣ್ಣ ಗಾಡಿಯನ್ನು ಹಾಕಿಕೊಂಡಿದ್ದಾರೆ. ಉಳಿದದ್ದೆಲ್ಲ ಮನುಷ್ಯರ ಕೈಯ ಕೆಲಸ. ಬಯಲಿನ ತೋಟಕ್ಕಿಂತ ಅನೇಕ ಪಾಲು ಹೆಚ್ಚು ದುಡಿಮೆ ಇದಕ್ಕೆ ಬೇಕು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹೆಸರು ಕೆಟ್ಟ ಕಥೆಗೆ ಇದೇ ಮೂಲ.

ಹುಳಿ ಉಳಿಯುವ ಬಗೆ

ದ್ರಾಕ್ಷಿಯ ಹಣ್ಣಿನಲ್ಲಿ ಮುಖ್ಯವಾಗಿ ಎರಡು ಬಗೆಯ ಹುಳಿಗಳುಂಟು: ಟಾರ್ಟಾರಿಕ್ ಆಮ್ಲ ಮತ್ತು ಮ್ಯಾಲಿಕ್ ಆಮ್ಲ. ಹಣ್ಣು ಮಾಗುವಾಗ ಸಕ್ಕರೆ ಏರುತ್ತ ಹೋಗುತ್ತದೆ, ಹುಳಿ ಇಳಿಯುತ್ತ ಹೋಗುತ್ತದೆ. ಕಾವು ಹೆಚ್ಚಾದಷ್ಟೂ ಮ್ಯಾಲಿಕ್ ಆಮ್ಲವು ಬೇಗನೆ ಸವೆಯುತ್ತದೆ. ಬಿಸಿ ನಾಡಿನ ಹಣ್ಣು ಬೇಗ ಸಿಹಿಯಾಗಿ ಹುಳಿಯನ್ನು ಕಳೆದುಕೊಳ್ಳುವದು ಇದೇ ಕಾರಣದಿಂದ.

ಮೊಸೆಲಿನಲ್ಲಿ ಬಳ್ಳಿಯು ಜೂನಿನಲ್ಲಿ ಹೂ ಬಿಟ್ಟರೆ ಕೊಯ್ಲು ಅಕ್ಟೋಬರದಲ್ಲಿ, ಕೆಲವೊಮ್ಮೆ ನವೆಂಬರದಲ್ಲಿ. ನಮ್ಮಲ್ಲಿ ಅಕ್ಟೋಬರದ ಛಾಟಣಿಯಿಂದ ಕೊಯ್ಲಿನವರೆಗೆ ಹಿಡಿಯುವಷ್ಟು ಕಾಲ ಅಲ್ಲಿ ಹೂವಿನಿಂದ ಹಣ್ಣಿಗೇ ಹಿಡಿಯುತ್ತದೆ. ಶರತ್ಕಾಲದ ರಾತ್ರಿಗಳು ತಂಪಾಗಿರುವದರಿಂದ ಸಕ್ಕರೆ ನಿಧಾನವಾಗಿ ಕೂಡುತ್ತದೆ, ಹುಳಿಯೂ ನಿಲ್ಲುತ್ತದೆ, ಪರಿಮಳವೂ ಬೆಳೆಯುತ್ತದೆ. ಹೀಗೆ ಸಿಹಿ-ಹುಳಿಗಳೆರಡೂ ಒಂದೇ ಹಣ್ಣಿನಲ್ಲಿ ಗಟ್ಟಿಯಾಗಿ ನಿಲ್ಲುವದು ರೀಸ್ಲಿಂಗಿನ ವಿಶೇಷ. ಇದರ ವೈನು ಒಳ್ಳೆಯ ವರ್ಷದ್ದಾದರೆ ಹತ್ತಾರು ವರ್ಷ ಕೆಡದೆ ಇರುವದಕ್ಕೂ ಈ ಹುಳಿ ದೊಡ್ಡ ಕಾರಣ. ಹಳೆಯದಾದಂತೆ ಅದರಲ್ಲಿ ಸೀಮೆಎಣ್ಣೆಯಂಥ ಒಂದು ವಾಸನೆಯೂ ಹುಟ್ಟುತ್ತದೆ. ಹೊಸಬರು ಅದನ್ನು ದೋಷವೆಂದೆಣಿಸುವರು. ಬಲ್ಲವರು ಅದು ವಯಸ್ಸಿನ ಗುರುತೆಂದು ತಿಳಿಯುವರು.

ರಸವನ್ನು ಹಿಂಡಿ ಹುದುಗಲು ಬಿಟ್ಟರೆ ಸಕ್ಕರೆಯು ಮದ್ಯಸಾರವಾಗಿ ಮಾರ್ಪಡುತ್ತದೆ. ಸಕ್ಕರೆಯೆಲ್ಲ ತೀರುವವರೆಗೆ ಬಿಟ್ಟರೆ ಸಿಹಿಯಿಲ್ಲದ ವೈನು. ಇದನ್ನು ಜರ್ಮನರು ಟ್ರೊಕನ್, ಅಂದರೆ ಒಣದು, ಎನ್ನುತ್ತಾರೆ. ಅದರಲ್ಲಿ ಮದ್ಯಸಾರವು ನೂರಕ್ಕೆ ೧೧ರಿಂದ ೧೩ ಪಾಲು. ನಡುವೆ ತಂಪು ಮಾಡಿ ಹುದುಗನ್ನು ಸೋಸಿ ನಿಲ್ಲಿಸಿದರೆ ಸ್ವಲ್ಪ ಸಿಹಿ ಉಳಿಯುತ್ತದೆ, ಮದ್ಯಸಾರವು ನೂರಕ್ಕೆ ೭ರಿಂದ ೯ರಲ್ಲಿಯೇ ನಿಲ್ಲುತ್ತದೆ. ಇದೇ ಮೊಸೆಲಿನ ಹಳೆಯ ಹದ.

ತೂಕದಿಂದ ಸಿಹಿಯನ್ನು ಅಳೆಯುವದು

ನಮ್ಮ ದ್ರಾಕ್ಷಿ ಬೆಳೆಗಾರರು ರಸದ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಬ್ರಿಕ್ಸ್ ಅಳೆಯುವದು ಎಲ್ಲರಿಗೂ ಗೊತ್ತು. ಜರ್ಮನಿಯಲ್ಲಿ ಇದರ ಕೆಲಸಕ್ಕೆ ಏಕ್ಸ್ಲೆ ಎಂಬ ಅಳತೆಯಿದೆ. ಫರ್ಡಿನಾಂಡ್ ಏಕ್ಸ್ಲೆ (೧೭೭೪–೧೮೫೨) ಎಂಬವನು ಫೋರ್ಟ್ಸ್‌ಹೈಮ್ ಊರಿನ ಅಕ್ಕಸಾಲಿಗ, ಯಂತ್ರಗಳ ಕೆಲಸವನ್ನೂ ಬಲ್ಲವ. ರಸದಲ್ಲಿ ತೇಲಬಿಟ್ಟು ಸಾಂದ್ರತೆ ತಿಳಿಯುವ ತಕ್ಕಡಿಯನ್ನು ಅವನು ರೂಢಿಗೆ ತಂದನು. ಲೆಕ್ಕ ಸುಲಭ. ಒಂದು ಲೀಟರ್ ನೀರು ೧೦೦೦ ಗ್ರಾಂ ತೂಗಿದರೆ, ಒಂದು ಲೀಟರ್ ರಸವು ೧೦೮೦ ಗ್ರಾಂ ತೂಗಿತೆನ್ನಿ. ಹೆಚ್ಚಿನ ೮೦ ಗ್ರಾಮೇ ೮೦ ಏಕ್ಸ್ಲೆ. ನಮ್ಮ ಬ್ರಿಕ್ಸಿನಲ್ಲಿ ಇದು ಸುಮಾರು ೧೯ರಷ್ಟಾಗುತ್ತದೆ.

೧೯೭೧ರ ಕಾಯಿದೆಯ ಮೇರೆಗೆ ಈ ಅಳತೆಯಿಂದಲೇ ವೈನಿನ ಮೆಟ್ಟಿಲುಗಳು ಗೊತ್ತಾದವು. ಮೊಸೆಲ್ ರೀಸ್ಲಿಂಗಿಗೆ ಕನಿಷ್ಠ ಅಳತೆಗಳು ಹೀಗಿವೆ:

ಕಾಬಿನೆಟ್ — ೭೦ ಏಕ್ಸ್ಲೆ. ಎಲ್ಲಕ್ಕೂ ಹಗುರಾದದ್ದು.
ಶ್ಪೇಟ್ಲೇಸೆ, ಅಂದರೆ ತಡವಾದ ಕೊಯ್ಲು — ೭೬.
ಔಸ್ಲೇಸೆ, ಅಂದರೆ ಆರಿಸಿದ ಗೊಂಚಲು — ೮೩.
ಬೇರೆನ್‌ಔಸ್ಲೇಸೆ, ಅಂದರೆ ಒಂದೊಂದಾಗಿ ಆರಿಸಿದ ಹಣ್ಣು — ೧೧೦.
ಟ್ರೊಕನ್‌ಬೇರೆನ್‌ಔಸ್ಲೇಸೆ, ಅಂದರೆ ಬಳ್ಳಿಯಲ್ಲಿಯೇ ಬಾಡಿ ಮಣೂಕದಂತಾದ ಹಣ್ಣು — ೧೫೦.

ತಡವಾದ ಕೊಯ್ಲಿನ ಬಗ್ಗೆ ಒಂದು ಐತಿಹ್ಯವಿದೆ. ೧೭೭೫ರಲ್ಲಿ ಯೋಹಾನಿಸ್‌ಬೆರ್ಗಿನವರು ಕೊಯ್ಲಿಗೆ ಮೇಲಧಿಕಾರಿಯ ಅಪ್ಪಣೆಯನ್ನು ಕೇಳಿ ಕಳಿಸಿದ ದೂತನು ತಡವಾಗಿ ಮರಳಿದನಂತೆ. ಅಷ್ಟರಲ್ಲಿ ಹಣ್ಣಿಗೆ ಬೂಷ್ಟು ಹತ್ತಿತ್ತು. ಚೆಲ್ಲಲು ಮನಸ್ಸಾಗದೆ ಹಿಂಡಿದರೆ ಹಿಂದೆಂದೂ ಕಾಣದ ರುಚಿ ಬಂದಿತಂತೆ. ಕಥೆ ಹೇಗೇ ಇರಲಿ, ಕಾರಣ ಮಾತ್ರ ನಿಜ. ಬೊಟ್ರೈಟಿಸ್ ಎಂಬ ಬೂಷ್ಟು ಹಣ್ಣಿನ ಸಿಪ್ಪೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡುತ್ತದೆ. ಬೆಳಗಿನ ಮಂಜು, ಮಧ್ಯಾಹ್ನದ ಒಣ ಬಿಸಿಲು ಕೂಡಿಬಂದರೆ ಹಣ್ಣಿನ ನೀರು ಆರಿ ಸಕ್ಕರೆ, ಹುಳಿ ಎರಡೂ ಗಟ್ಟಿಯಾಗುತ್ತವೆ. ದಿನವಿಡೀ ಮಳೆ ಹಿಡಿದರೆ ಅದೇ ಬೂಷ್ಟು ಬರೀ ಕೊಳೆರೋಗ. ಒಂದೇ ರೋಗ ಹವೆಯ ಮೇಲಿಂದ ವರವೂ ಆಗಬಹುದು, ಶಾಪವೂ ಆಗಬಹುದು.

ಇನ್ನೊಂದು ಬಗೆ ಐಸ್‌ವೈನ್. ಬಳ್ಳಿಯ ಮೇಲೆಯೇ ಸೊನ್ನೆಗಿಂತ ೭ ಅಂಶ ಕೆಳಗಿನ ಚಳಿಯಲ್ಲಿ ಹೆಪ್ಪುಗಟ್ಟಿದ ಹಣ್ಣನ್ನು ಕಿತ್ತು, ಕರಗುವ ಮುನ್ನ ಹಿಂಡಬೇಕು. ನೀರು ಬರ್ಫವಾಗಿ ಗಾಣದಲ್ಲಿ ನಿಲ್ಲುತ್ತದೆ, ಗಟ್ಟಿ ರಸವಷ್ಟೇ ಇಳಿಯುತ್ತದೆ. ೨೦೧೯ರ ಬೆಳೆಯಲ್ಲಿ ಇಡೀ ಜರ್ಮನಿಯಲ್ಲಿ ಎಲ್ಲಿಯೂ ಅಷ್ಟು ಚಳಿ ಬೀಳದೆ ಐಸ್‌ವೈನ್ ಆಗಲೇ ಇಲ್ಲ. ಹವೆ ಬಿಸಿಯಾಗುತ್ತಿರುವದನ್ನು ಅಲ್ಲಿಯ ರೈತನು ತನ್ನ ಗಾಣದಲ್ಲಿಯೇ ಕಂಡನು.

ಊಟಕ್ಕೆ ಹೊಂದಿಸುವ ನಿಯಮ

ಆ ನಾಡಿನವರು ವೈನನ್ನು ಊಟದ ಒಂದು ಪದಾರ್ಥದಂತೆ ನೋಡುತ್ತಾರೆ. ನಾವು ರೊಟ್ಟಿಗೆ ಯಾವ ಪಲ್ಯ, ಯಾವ ಚಟ್ನಿ ಎಂದು ನೋಡುವಂತೆ ಅವರು ತಾಟಿನಲ್ಲಿರುವದಕ್ಕೆ ಯಾವ ವೈನು ಎಂದು ನೋಡುವರು. ಅದರ ನಿಯಮಗಳು ನಮ್ಮ ಅಡಿಗೆಮನೆಯ ಹೆಣ್ಣುಮಕ್ಕಳಿಗೆ ಹೊಸವೇನಲ್ಲ.

ಒಂದನೆಯದು: ಹುಳಿಯು ಜಿಡ್ಡನ್ನು ಕತ್ತರಿಸುತ್ತದೆ. ಕರಿದ ಪದಾರ್ಥ ತಿಂದ ಬಾಯಿಗೆ ಒಂದು ಹೋಳು ಲಿಂಬೆಯ ಉಪ್ಪಿನಕಾಯಿ ಬೇಕೆನಿಸುವದು ಇದಕ್ಕಾಗಿಯೇ. ಜರ್ಮನರ ಹಂದಿಮಾಂಸ, ಬೆಣ್ಣೆ, ಕೆನೆಗಳ ಊಟಕ್ಕೆ ರೀಸ್ಲಿಂಗಿನ ಹುಳಿ ಆ ಕೆಲಸ ಮಾಡುತ್ತದೆ.

ಎರಡನೆಯದು: ಉಪ್ಪು ಹುಳಿಯನ್ನು ಮೆತ್ತಗೆ ಮಾಡುತ್ತದೆ. ಮಾವಿನಕಾಯಿಯ ಹೋಳಿಗೆ ಉಪ್ಪು ಹಚ್ಚಿ ತಿನ್ನುವ ಹುಡುಗರೆಲ್ಲ ಇದನ್ನು ಬಲ್ಲರು. ಉಪ್ಪಿನಲ್ಲಿಟ್ಟ ಮಾಂಸ, ಹೊಗೆ ಹಿಡಿಸಿದ ಮೀನು, ಗಿಣ್ಣದಂತೆ ಹೆಪ್ಪುಗಟ್ಟಿಸಿದ ಉಪ್ಪು ಚೀಜು, ಇವುಗಳೊಡನೆ ಹುಳಿ ವೈನು ತೀಕ್ಷ್ಣವೆನಿಸುವದಿಲ್ಲ.

ಮೂರನೆಯದು: ಸಿಹಿಯು ಖಾರವನ್ನು ತಣಿಸುತ್ತದೆ, ಮದ್ಯಸಾರವು ಖಾರವನ್ನು ಕೆರಳಿಸುತ್ತದೆ. ಹುಣಸೆಹಣ್ಣಿನ ಸಾರಿಗೆ ನಾವು ಬೆಲ್ಲದ ತುಣುಕು ಹಾಕುವೆವಲ್ಲವೆ? ಆದುದರಿಂದ ಖಾರದ ಊಟಕ್ಕೆ ಮದ್ಯಸಾರ ಕಡಿಮೆಯಿದ್ದು ಸ್ವಲ್ಪ ಸಿಹಿ ಉಳಿದ ಕಾಬಿನೆಟ್ ಹೊಂದುತ್ತದೆ. ಥಾಯ್ ದೇಶದ, ಚೀನದ, ನಮ್ಮ ಹಿಂದುಸ್ತಾನದ ಮಸಾಲೆಯ ಊಟದೊಡನೆ ಇದನ್ನು ಇಡುವ ರೂಢಿ ಈಗ ಹೊರದೇಶಗಳ ಖಾನಾವಳಿಗಳಲ್ಲಿ ಬೆಳೆದಿರುವದು ಇದೇ ಕಾರಣದಿಂದ.

ನಾಲ್ಕನೆಯದು: ತಿನಿಸು ವೈನಿಗಿಂತ ಹೆಚ್ಚು ಸಿಹಿಯಾಗಿರಬಾರದು. ಜಿಲೇಬಿ ತಿಂದು ಚಹಾ ಕುಡಿದರೆ ಚಹಾ ಸಪ್ಪೆಯಾಗುವಂತೆ, ಬಹಳ ಸಿಹಿಯ ತಿನಿಸಿನ ಮುಂದೆ ವೈನು ಬರೀ ಹುಳಿನೀರಾಗಿ ತೋರುತ್ತದೆ.

ಯಾವುದಕ್ಕೆ ಯಾವುದು

ಸಿಹಿಯಿಲ್ಲದ ಟ್ರೊಕನ್: ಉಪ್ಪಿನಲ್ಲಿ ಹುಳಿ ಬರಿಸಿದ ಕೋಬಿ, ಅದರ ಮೇಲೆ ಬೇಯಿಸಿದ ಹಂದಿಮಾಂಸ ಇದಕ್ಕೆ ಹಳೆಯ ಜೊತೆ. ವಸಂತದಲ್ಲಿ ಬರುವ ಬಿಳಿಯ ಅಸ್ಪರಾಗಸ್ ಚಿಗುರು ಇನ್ನೊಂದು. ಅದು ನಮ್ಮ ಶತಾವರಿಯ ಕುಲದ್ದೇ. ಚಿಗುರನ್ನು ಬೇಯಿಸಿ ಬೆಣ್ಣೆ ಹಾಕಿ ತಿನ್ನುವರು. ಅದರ ಸುಗ್ಗಿಯು ಜೂನ್ ೨೪ಕ್ಕೆ ಮುಗಿಯಿತೆಂದು ಜರ್ಮನರ ಲೆಕ್ಕ. ಆಮೇಲೆ ಕೀಳದೆ ಮುಂದಿನ ವರ್ಷಕ್ಕಾಗಿ ಗಿಡಕ್ಕೆ ವಿಶ್ರಾಂತಿ ಕೊಡುವರು.

ಕಾಬಿನೆಟ್: ಹೊಳೆಯ ಟ್ರೌಟ್ ಮೀನು, ಹುರಿದದ್ದಾಗಲಿ ಹೊಗೆ ಹಿಡಿಸಿದ್ದಾಗಲಿ. ಖಾರದ ಊಟಕ್ಕೂ ಇದೇ.

ಶ್ಪೇಟ್ಲೇಸೆ, ಔಸ್ಲೇಸೆ: ಬಾತುಕೋಳಿ, ಹಣ್ಣು ಹಾಕಿ ಬೇಯಿಸಿದ ಮಾಂಸ. ಹಳೆಯದಾಗಿ ಸಿಹಿ ತಗ್ಗಿದ ಔಸ್ಲೇಸೆಯನ್ನು ಹಬ್ಬದ ಊಟದಲ್ಲಿ ಬಡಿಸುವರು. ನೀಲಿ ಬೂಷ್ಟಿನ ಉಪ್ಪು ಚೀಜಿಗೆ ಔಸ್ಲೇಸೆಯ ಸಿಹಿ ಬಹಳ ಒಪ್ಪುತ್ತದೆ. ಅಲ್ಲಿ ಉಪ್ಪು-ಸಿಹಿಗಳ ಕೂಟವೇ ರುಚಿ.

ಇವುಗಳಿಗಿಂತ ಮೇಲಿನ ಮೆಟ್ಟಿಲಿನವು: ಊಟದ ಕೊನೆಗೆ ಸೇಬಿನ ಹುಳಿ ತಿನಿಸಿನೊಡನೆ, ಇಲ್ಲವೆ ಏನೂ ಇಲ್ಲದೆ, ಚಿಕ್ಕ ಬಟ್ಟಲಿನಲ್ಲಿ.

ಕೊಯ್ಲಿನ ದಿನಗಳದ್ದು ಬೇರೆಯೇ ಸಂಭ್ರಮ. ಇನ್ನೂ ಹುದುಗುತ್ತಿರುವ ಮಬ್ಬು ಬಣ್ಣದ ಹೊಸ ರಸವನ್ನು ಉಳ್ಳಾಗಡ್ಡಿ, ತತ್ತಿ, ಕೆನೆ ಹಾಕಿ ಸುಟ್ಟ ರೊಟ್ಟಿಯೊಡನೆ ಸೇವಿಸುವರು. ಆ ಸೀಸೆಯ ಬಾಯಿಯನ್ನು ಬಿಗಿಯಾಗಿ ಮುಚ್ಚುವಂತಿಲ್ಲ. ಮುಚ್ಚಿದರೆ ಒಳಗಿನ ಗಾಳಿಯ ಒತ್ತಡಕ್ಕೆ ಒಡೆದೀತು.

ಕೆಂಪು ಮಾಂಸದ ಭಾರವಾದ ಅಡಿಗೆಗೆ ಮಾತ್ರ ಈ ಹಗುರ ವೈನು ಸಾಲದು. ಅದಕ್ಕೆ ಅವರು ಕೆಂಪು ವೈನನ್ನೇ ಇಡುವರು.

ತಾಟಿನ ಹಿಂದಿನ ಬಡತನ

ಇಷ್ಟೆಲ್ಲ ರುಚಿಯನ್ನು ಹುಟ್ಟಿಸಿದ ರೈತನು ಸುಖಿಯಾಗಿದ್ದನೆ? ಯಾವಾಗಲೂ ಇಲ್ಲ. ೧೮೩೪ರಲ್ಲಿ ಜರ್ಮನ್ ಸಂಸ್ಥಾನಗಳ ನಡುವಣ ಸುಂಕದ ಕಟ್ಟೆಗಳು ಹೋದ ಮೇಲೆ ತೆಂಕಣ ಸೀಮೆಗಳ ಅಗ್ಗದ ವೈನು ಒಳಬಂದು ಮೊಸೆಲಿನ ದರ ಬಿದ್ದಿತು. ಸಾಲ ಏರಿತು. ಟ್ರಿಯರಿನಲ್ಲಿ ಹುಟ್ಟಿದ ಕಾರ್ಲ್ ಮಾರ್ಕ್ಸ್ ತನ್ನ ಪತ್ರಿಕೆಯಲ್ಲಿ ೧೮೪೩ರಲ್ಲಿ ಮೊಸೆಲ್ ಬೆಳೆಗಾರರ ಈ ಸಂಕಟದ ಬಗ್ಗೆಯೇ ಬರೆದನು.

ಇದಕ್ಕೆ ಪರಿಹಾರವಾಗಿ ಬಂದದ್ದು ಸಂಘ. ೧೮೬೪ರಲ್ಲಿ ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್ ಎಂಬವನು ಕೊಬ್ಲೆನ್ಸಿಗೆ ಹತ್ತಿರದ ಹೆಡ್ಡೆಸ್‌ಡೋರ್ಫ್ ಎಂಬಲ್ಲಿ ರೈತರ ಸಾಲದ ಸಹಕಾರಿ ಸಂಘವನ್ನು ಕಟ್ಟಿದನು. ೧೮೬೮ರಲ್ಲಿ ಆರ್ ನದಿಯ ಮೈಶೋಸ್ ಊರಿನ ಬೆಳೆಗಾರರು ತಾವೇ ಕೂಡಿ ವೈನು ಮಾಡಿ ಮಾರುವ ಸಂಘ ಮಾಡಿದರು. ರೈಫೈಸನ್ನನ ಈ ದಾರಿಯನ್ನೇ ಮದ್ರಾಸಿನ ಅಧಿಕಾರಿ ಫ್ರೆಡೆರಿಕ್ ನಿಕಲ್ಸನ್ನನು ನಮ್ಮ ದೇಶಕ್ಕೆ ಶಿಫಾರಸು ಮಾಡಿದನು. ೧೯೦೪ರಲ್ಲಿ ಸಹಕಾರಿ ಕಾಯಿದೆ ಬಂದಿತು. ಮರುವರ್ಷವೇ, ೧೯೦೫ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘವನ್ನು ಕಟ್ಟಿದರು. ರೈನ್ ದಂಡೆಯ ಬಡ ರೈತರ ಯೋಚನೆ ಕನ್ನಡ ನೆಲದಲ್ಲಿ ಬೇರೂರಿದ್ದು ಹೀಗೆ.

ಹೆಸರು ಕೆಟ್ಟದ್ದೂ ಮರಳಿದ್ದೂ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈನ್, ಮೊಸೆಲ್ ರೀಸ್ಲಿಂಗಿನ ಒಳ್ಳೆಯ ಸೀಸೆಗಳು ಲಂಡನ್ನಿನ ಪೇಟೆಯಲ್ಲಿ ಫ್ರಾನ್ಸಿನ ಹೆಸರಾಂತ ಕೆಂಪು ವೈನಿನ ದರಕ್ಕೆ ಸರಿಯಾಗಿ ಮಾರುತ್ತಿದ್ದವು. ನೂರು ವರ್ಷದೊಳಗೆ ಅದೇ ದೇಶದ ವೈನೆಂದರೆ ಅಗ್ಗದ ಸಿಹಿನೀರೆಂಬ ಮಾತಾಯಿತು. ಇದು ಹೇಗೆ?

ಕಡಿದಾದ ಗುಡ್ಡದ ದುಡಿಮೆ ಕಷ್ಟ. ಬಯಲಿನಲ್ಲಿ ಯಂತ್ರ ಓಡುತ್ತದೆ. ೧೮೮೨ರಲ್ಲಿ ಹೆರ್ಮನ್ ಮ್ಯುಲ್ಲರ್ ಎಂಬ ಸಸ್ಯಶಾಸ್ತ್ರಜ್ಞನು ಬೆಳೆಸಿದ ಮ್ಯುಲ್ಲರ್-ತುರ್ಗಾವ್ ಎಂಬ ಮಿಶ್ರಜಾತಿಯು ಬೇಗ ಹಣ್ಣಾಗುತ್ತದೆ, ಇಳುವರಿ ಹೆಚ್ಚು, ಹುಳಿ ಕಡಿಮೆ. ಬಯಲು ಹೊಲಗಳಲ್ಲಿ ಅದು ಹಬ್ಬಿತು. ೧೯೭೦ರ ದಶಕದಲ್ಲಿ ರೀಸ್ಲಿಂಗನ್ನೇ ಹಿಂದೆ ಹಾಕಿತು. ಅದೇ ಹೊತ್ತಿಗೆ ೧೯೭೧ರ ಕಾಯಿದೆ ಬಂದು, ಗುಣವನ್ನು ಬಹುಮಟ್ಟಿಗೆ ಸಕ್ಕರೆಯ ಅಳತೆಯೊಂದರಿಂದಲೇ ಎಣಿಸಿತು. ಬೇಗ ಸಿಹಿಯಾಗುವ ಯಾವ ಜಾತಿಯಾದರೂ, ಯಾವ ಹೊಲದ್ದಾದರೂ ಶ್ಪೇಟ್ಲೇಸೆ ಎನಿಸಿಕೊಳ್ಳಬಹುದಾಯಿತು. ಮೇಲಾಗಿ ಅನೇಕ ಊರುಗಳ ಹೊಲಗಳನ್ನು ಒಂದು ದೊಡ್ಡ ಹೆಸರಿನಡಿ ಕೂಡಿಸಲಾಯಿತು. ಪೀಸ್ಪೋರ್ಟ್ ಊರಿನ ಗೋಲ್ಡ್‌ಟ್ರೋಪ್‌ಶನ್ ಎಂಬುದು ನಿಜವಾದ ಕಡಿದು ತೋಟ. ಪೀಸ್ಪೋರ್ಟರ್ ಮಿಶೆಲ್ಸ್‌ಬೆರ್ಗ್ ಎಂಬುದು ಸುತ್ತಲಿನ ಬೇರೆ ಊರುಗಳ ಹೊಲಗಳನ್ನೂ ಕೂಡಿಸಿದ ಹೆಸರು. ಸೀಸೆಯ ಚೀಟಿ ನೋಡಿದ ಪರದೇಶದ ಗಿರಾಕಿಗೆ ಈ ಭೇದ ತಿಳಿಯುವದೆಂತು? ಅಗ್ಗದ್ದನ್ನು ಕೊಂಡು, ಒಂದು ಸಲ ರುಚಿ ನೋಡಿ, ಪೀಸ್ಪೋರ್ಟೆಂದರೆ ಇಷ್ಟೇ ಎಂದನು. ಪೆಟ್ಟು ಬಿದ್ದದ್ದು ಗುಡ್ಡದ ಮೇಲೆ ಬೆನ್ನು ಬಗ್ಗಿಸಿ ದುಡಿದವನಿಗೆ. ಎಷ್ಟೋ ಇಳಿಜಾರು ತೋಟಗಳು ಪಾಳು ಬಿದ್ದವು.

ಹೆಸರು ಮರಳಿ ಬಂದದ್ದು ಬೆಳೆಗಾರರು ತಮ್ಮ ಮೇಲೆ ತಾವೇ ಕಟ್ಟು ಹಾಕಿಕೊಂಡದ್ದರಿಂದ. ೧೯೧೦ರಲ್ಲಿ ಹುಟ್ಟಿದ, ಹದ್ದಿನ ಗುರುತುಳ್ಳ ವಿ.ಡಿ.ಪಿ. ಎಂಬ ಬೆಳೆಗಾರರ ಕೂಟವು ತನ್ನ ಅತ್ಯುತ್ತಮ ತೋಟಗಳಿಗೆ ಹೆಕ್ಟೇರಿಗೆ ೫೦೦೦ ಲೀಟರಿಗಿಂತ ಹೆಚ್ಚು ವೈನು ತೆಗೆಯಕೂಡದೆಂದು ನಿಯಮ ಮಾಡಿತು. ೧೯೯೦ರ ದಶಕದಲ್ಲಿ ರೀಸ್ಲಿಂಗು ಮತ್ತೆ ಜರ್ಮನಿಯ ಮೊದಲ ಜಾತಿಯಾಯಿತು. ೨೦೨೧ರಲ್ಲಿ ಸರಕಾರವೂ ಕಾಯಿದೆಯನ್ನು ತಿದ್ದಿ, ಸಕ್ಕರೆಗಿಂತ ಹುಟ್ಟಿದ ನೆಲಕ್ಕೆ ಹೆಚ್ಚು ತೂಕ ಕೊಡುವ ದಾರಿ ಹಿಡಿಯಿತು. ಕೆಡಲಿಕ್ಕೆ ಕೆಲವೇ ವರ್ಷ ಸಾಕಾದವು. ಸರಿಪಡಿಸಲಿಕ್ಕೆ ಒಂದು ತಲೆಮಾರು ಹಿಡಿಯಿತು.

ನೆನಪಿನಲ್ಲಿಡತಕ್ಕ ಮಾತುಗಳು

೧. ಬೆಳೆಯ ಗುಣವನ್ನು ಒಂದೇ ಅಳತೆಯಿಂದ ಎಣಿಸಬಾರದು. ಸಿಹಿಯೊಂದನ್ನೇ ನೋಡಿದವರು ಹುಳಿ, ಪರಿಮಳ, ನೆಲದ ಗುಣಗಳನ್ನು ಕಳೆದುಕೊಂಡರು.

೨. ಊರಿನ ಹೆಸರು ಎಲ್ಲರ ಸೊತ್ತು. ಒಬ್ಬನು ಹೊರಗಿನ ಹೀನ ಮಾಲನ್ನು ಅದರಲ್ಲಿ ಬೆರೆಸಿದರೆ ಇಡೀ ಊರಿನ ದರ ಇಳಿಯುವದು.

೩. ಇಳುವರಿಯ ಆಸೆಗೆ ಮಿತಿ ಬೇಕು. ಆ ಮಿತಿಯನ್ನು ಹೊರಗಿನವರು ಹಾಕುವ ಮೊದಲು ಬೆಳೆಗಾರರೇ ಕೂಡಿ ಹಾಕಿಕೊಳ್ಳುವದು ಲೇಸು.

೪. ಮಾಲು ಯಾವ ಊಟದ ಜೊತೆಗೆ, ಯಾರ ತಾಟಿಗೆ ಹೋಗುತ್ತದೆಂಬುದನ್ನು ಬೆಳೆದವನು ತಿಳಿದಿರಬೇಕು. ತಿಳಿದವನೇ ಅದಕ್ಕೆ ತಕ್ಕ ಹದದಲ್ಲಿ ಕೊಯ್ಯಬಲ್ಲನು.

ನಮ್ಮ ತೋಟದ ಹಣ್ಣು ಬೇರೆ, ನಮ್ಮ ಹವೆ ಬೇರೆ. ರೀಸ್ಲಿಂಗನ್ನು ತಂದು ಇಲ್ಲಿ ನೆಡಿರೆಂದು ಯಾರೂ ಹೇಳುವದಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಊರಿನ ಹೆಸರನ್ನು ಅಂಟಿಸಿ ಮಣೂಕ ಕಳಿಸುವ ರೈತನಿಗೂ ಮೊಸೆಲಿನ ಗುಡ್ಡದ ರೈತನಿಗೂ ಇರುವ ಚಿಂತೆ ಒಂದೇ. ಮುಂದಿನ ಸುಗ್ಗಿಯಲ್ಲಿ ಪೆಟ್ಟಿಗೆ ತುಂಬುವಾಗ, ಮೇಲಿನ ಚೀಟಿಗೂ ಒಳಗಿನ ಮಾಲಿಗೂ ತಾಳೆ ಇದೆಯೋ ಇಲ್ಲವೋ ಎಂದು ಒಮ್ಮೆ ನೋಡಿಕೊಂಡರೆ ಈ ಪಾಠ ಓದಿದ್ದು ಸಾರ್ಥಕವಾಯಿತು.